ತಲೆದಂಡವನ್ನು ಓದುವವರಿಗೆ

ಕಲಬುರಗಿ ನಗರದಲ್ಲೂ ಕಮಲಾಪುರದಲ್ಲೂ ಕನ್ನಡ ನಾಟಕವನ್ನು ಅಭ್ಯಾಸ ಮಾಡುತ್ತಿರುವ ಎಲ್ಲ ವಿದ್ಯಾರ್ಥಿಗಳಿಗೆ, ಅವರ ಅಧ್ಯಾಪಕರಿಗೆ, ಹವ್ಯಾಸಿ ತಂಡಗಳ ಕಲಾವಿದರಿಗೆ,

ಗಿರೀಶ ಕಾರ್ನಾಡರ 'ತಲೆದಂಡ' ನಾಟಕ ಬೇರೆ ಜಿಲ್ಲೆಗಳ ಓದುಗರಿಗೆ ಚರಿತ್ರೆಯ ಪುಟಗಳಲ್ಲಿ ಮಾತ್ರ ಉಳಿದ ಒಂದು ನಗರದ ಕಥೆಯಾದರೆ, ಕಲಬುರಗಿಯವರಿಗೆ ಅದು ಬೀದರ್ ಕಡೆಯ ಬಸ್ಸು ಹತ್ತಿ, ಕೆಂಪು ಬಾಳೆಯ ಕಮಲಾಪುರವನ್ನು ದಾಟಿ, ಹುಮನಾಬಾದಿನ ಮೂಲಕ ಒಂದೇ ದಿನದಲ್ಲಿ ಹೋಗಿ ಬರಬಹುದಾದ ಬಸವಕಲ್ಯಾಣದ, ಅಂದರೆ ಅಂದಿನ ಕಲ್ಯಾಣದ ಕಥೆ. ಆ ಊರಿನ ಹೆಸರು 2019ರಿಂದ ಇಡೀ ಸೀಮೆಗೇ ಕಲ್ಯಾಣ ಕರ್ನಾಟಕವೆಂದು ಬಂದಿರುವುದರಿಂದ, ಈ ಭಾಗದ ವಿದ್ಯಾರ್ಥಿಗಳು ನಾಟಕದ ನೆಲದ ಹೆಸರನ್ನು ತಮ್ಮ ವಿಳಾಸದಲ್ಲಿಯೇ ಬರೆಯುತ್ತಾರೆ. ಇಷ್ಟು ಹತ್ತಿರದ ನಾಟಕವನ್ನು ಗೈಡು ಪುಸ್ತಕಗಳ ನಾಲ್ಕೈದು ಗ್ರೀಕ್ ಪದಗಳ ಕಿಟಕಿಯಿಂದಷ್ಟೇ ನೋಡಿ, ಬಸವಣ್ಣನ 'ದುರಂತ ದೋಷ' ಯಾವುದೆಂಬ ಪ್ರಶ್ನೆಗೆ ಅತಿಯಾದ ಆದರ್ಶವಾದವೆಂದು ಒಂದು ಸಾಲಿನ ಉತ್ತರ ಬರೆದು ಮುಂದೆ ಹೋಗುವ ರೂಢಿ ತರಗತಿಗಳಲ್ಲಿ ಬೇರೂರಿರುವುದು ಈ ಪತ್ರಕ್ಕೆ ಕಾರಣ. ಆ ಉತ್ತರ ತಪ್ಪು. ಅದು ಏಕೆ ತಪ್ಪೆಂಬುದನ್ನು ಪದಗಳ ಅರ್ಥದಿಂದಲೂ ಚರಿತ್ರೆಯ ಹಿನ್ನೆಲೆಯಿಂದಲೂ ತೋರಿಸಬೇಕಾಗಿದೆ.

ಮೊದಲು ಈ ಪ್ರಕಾರದ ಹೆಸರನ್ನೇ ನೋಡಬಹುದು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅರಿಸ್ಟಾಟಲನು ತನ್ನ ಕಾವ್ಯಮೀಮಾಂಸೆಯಲ್ಲಿ ವಿವರಿಸಿದ ಟ್ರಾಜಿಡಿಗೆ ಕನ್ನಡದಲ್ಲಿ ಮೂರು ಹೆಸರುಗಳು ಚಲಾವಣೆಯಲ್ಲಿವೆ. ಬಿ.ಎಂ. ಶ್ರೀಕಂಠಯ್ಯನವರು ಅದನ್ನು ರುದ್ರನಾಟಕವೆಂದು ಕರೆದರು, ಎಸ್.ವಿ. ರಂಗಣ್ಣನವರು ಗಂಭೀರ ನಾಟಕವೆಂದರು, ತರಗತಿಗಳಲ್ಲಿ ಉಳಿದದ್ದು ಮಾತ್ರ ದುರಂತ ನಾಟಕವೆಂಬ ಹೆಸರು. ಮೂರರಲ್ಲಿ ಹೆಚ್ಚು ದಾರಿ ತಪ್ಪಿಸುವುದು ಈ ಕೊನೆಯದೇ, ಏಕೆಂದರೆ ಅದು ಓದುಗನ ಕಣ್ಣನ್ನು ನಾಟಕದ ಅಂತ್ಯಕ್ಕೆ ಕಟ್ಟಿಹಾಕುತ್ತದೆ. ಗ್ರೀಕರ ಟ್ರಾಜಿಡಿಗಳಲ್ಲಿಯಾದರೋ ಸಾವಿನಿಂದ ಮುಗಿಯದೆ ಸಂಧಾನದಲ್ಲಿ ಮುಗಿಯುವವೂ ಇವೆ. ರುದ್ರವೆಂಬ ಮಾತು ಅಂತ್ಯವನ್ನಲ್ಲದೆ ಒಳಗಿನ ಸ್ವಭಾವವನ್ನು ಸೂಚಿಸುತ್ತದೆ. ಭಯವನ್ನೂ ಭಕ್ತಿಯನ್ನೂ ಒಟ್ಟಿಗೆ ಹೊತ್ತಿರುವ ಆ ಪದ, ಶಿವನ ಹೆಸರೇ ಉಸಿರಾಗಿರುವ ಕಲ್ಯಾಣದ ಕಥೆಗಂತೂ ಇನ್ನಷ್ಟು ಒಪ್ಪುತ್ತದೆ.

ಕನ್ನಡದಲ್ಲಿ ಈ ಚಿಂತನೆ ಹೊರಗಿನಿಂದ ಬಂದದ್ದೆಂಬ ಮಾತು ಪೂರ್ತಿ ನಿಜವಲ್ಲ. ಶ್ರೀಕಂಠಯ್ಯನವರು 1926ರಲ್ಲಿ 'ಗದಾಯುದ್ಧ ನಾಟಕಂ' ರೂಪಿಸಿದಾಗ ಆಧಾರವಾದದ್ದು ಹತ್ತನೆಯ ಶತಮಾನದ ಕೊನೆಯ ಕವಿ ರನ್ನನ ಕಾವ್ಯ. ಸೊಫೊಕ್ಲಿಸನ ಏಜಾಕ್ಸ್ ನಾಟಕವನ್ನು ಮಹಾಭಾರತದ ನೆಲಕ್ಕೆ ತಂದ 'ಅಶ್ವತ್ಥಾಮನ್' ಬಂದದ್ದು ಮೂರು ವರ್ಷಗಳ ತರುವಾಯ, 1929ರಲ್ಲಿ. ರನ್ನನಿಗೆ ಆಶ್ರಯವಿತ್ತ ತೈಲಪ, ಸತ್ಯಾಶ್ರಯರ ಕಾಲದಲ್ಲಿ ಚಾಲುಕ್ಯರ ರಾಜಧಾನಿ ಇನ್ನೂ ಕಲ್ಯಾಣಕ್ಕೆ ಹೋಗಿರಲಿಲ್ಲ. ಅದು ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡ, ಅಂದರೆ ಮಾನ್ಯಖೇಟವಾಗಿತ್ತು. ಎದುರಾಳಿಯಾದ ದುರ್ಯೋಧನನ ಛಲವನ್ನೂ ಒಂಟಿತನವನ್ನೂ ಓದುಗನ ಮನಸ್ಸು ಕರಗುವಂತೆ ಬರೆದ ಕವಿಯನ್ನು ಪೋಷಿಸಿದ ಅರಸೊತ್ತಿಗೆ ಇದೇ ಜಿಲ್ಲೆಯದು. ಕಳೆದುಹೋದ ಸಂಗತಿಗಳನ್ನು ಪಾತ್ರಗಳ ನೆನಪಿನಲ್ಲಿ, ಮಾತಿನಲ್ಲಿ ತಿರುಗಿ ನೋಡುತ್ತ ಕಥೆ ನಡೆಸುವ ತನ್ನ ಕ್ರಮಕ್ಕೆ ರನ್ನ ಸಿಂಹಾವಲೋಕನವೆಂದು ಹೆಸರಿಟ್ಟುಕೊಂಡಿದ್ದಾನೆ. ಸಿಂಹ ನಡೆಯುತ್ತಲೇ ಹಿಂದಿರುಗಿ ನೋಡುವಂತೆ ಎಂಬ ಈ ಹೋಲಿಕೆಯ ಪದ ಕೈಯಲ್ಲಿರುವಾಗ ಫ್ಲ್ಯಾಶ್‌ಬ್ಯಾಕ್ ಎಂಬುದನ್ನು ಹುಡುಕಿಕೊಂಡು ಹೋಗುವ ಅಗತ್ಯ ಕನ್ನಡದ ವಿದ್ಯಾರ್ಥಿಗೆ ಇಲ್ಲ.

ಇನ್ನು 'ತಲೆದಂಡ'ದ ಚಾರಿತ್ರಿಕ ಹಿನ್ನೆಲೆ. ಚಾಲುಕ್ಯರಲ್ಲಿ ಮೊದಲನೆಯ ಸೋಮೇಶ್ವರ ರಾಜಧಾನಿಯನ್ನು ಕಲ್ಯಾಣಕ್ಕೆ ಒಯ್ದ. ಅವನ ಮಗ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿ ಆ ನಗರವನ್ನು ವಿದ್ವಾಂಸರ ನೆಲೆಯನ್ನಾಗಿ ಮಾಡಿದ. ಆತನ ಕಾಲ ಮುಗಿದು ಮೂರು ದಶಕಗಳು ಕಳೆಯುವಷ್ಟರಲ್ಲಿ ಚಾಲುಕ್ಯರ ಹಿಡಿತ ಸಡಿಲವಾಗಿ, ಮಂಗಳವಾಡದಿಂದ, ಅಂದರೆ ಇಂದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಗೆ ಸೇರಿರುವ ಮಂಗಳವೇಢೆಯಿಂದ ಆಳುತ್ತಿದ್ದ ಕಳಚುರಿ ಮಾಂಡಲಿಕ ಬಿಜ್ಜಳ ಬಲಗೊಂಡು 1162ರ ಹೊತ್ತಿಗೆ ಸಾರ್ವಭೌಮನ ಬಿರುದುಗಳನ್ನೇ ಧರಿಸಿದ. ಅವನು ಒಡೆಯನ ಸಿಂಹಾಸನವನ್ನು ಕಿತ್ತುಕೊಂಡ ಸಾಮಂತನೆಂಬುದನ್ನು ನಾಟಕದ ಓದುಗ ಎಂದೂ ಮರೆಯಬಾರದು, ಏಕೆಂದರೆ ಹೀಗೆ ಬಂದ ಅರಸನಿಗೆ ತನ್ನ ಹಕ್ಕನ್ನು ಶಾಸ್ತ್ರದ ಬಾಯಿಂದ ಹೇಳಿಸಿಕೊಳ್ಳುವ ಪುರೋಹಿತವರ್ಗವೂ ಬೇಕು, ಬೊಕ್ಕಸವನ್ನು ತುಂಬಿಸುವ ಕಸುಬುದಾರರೂ ಬೇಕು. ಕಾರ್ನಾಡರು ಬಿಜ್ಜಳನನ್ನು ಕ್ಷೌರಿಕ ಮೂಲದ ಅರಸನನ್ನಾಗಿ ಕಲ್ಪಿಸಿ ಈ ಇಕ್ಕಟ್ಟನ್ನು ಅವನ ಮೈಮೇಲೆಯೇ ಬರೆದಿದ್ದಾರೆ: ಅವನು ಜಾತಿಯನ್ನು ಚರ್ಮಕ್ಕೆ ಹೋಲಿಸಿ, ಸುಲಿದರೂ ಮತ್ತೆ ಅದೇ ಬೆಳೆದು ಬರುತ್ತದೆಂದು ಹೇಳುವಾಗ ಆ ಮಾತಿನಲ್ಲಿ ಗೆದ್ದವನ ಗರ್ವಕ್ಕಿಂತ ಗಾಯವೇ ಎದ್ದು ಕಾಣುತ್ತದೆ.

ಆಧಾರಗಳ ವಿಷಯದಲ್ಲಿ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು. ಬಿಜ್ಜಳನ ಶಾಸನಗಳು ಹೇರಳವಾಗಿದ್ದರೂ ಬಸವಣ್ಣನನ್ನು ಕುರಿತ ಶಾಸನಾಧಾರ ತೀರ ವಿರಳ. ಬೆಳಗಾವಿ ಜಿಲ್ಲೆಯ ಅರ್ಜುನವಾಡದ 1260ರ ಶಾಸನ ಅಂಥ ಕೆಲವೇ ಕುರುಹುಗಳಲ್ಲಿ ಮುಖ್ಯವಾದದ್ದು. ಉಳಿದದ್ದೆಲ್ಲ ಕಾವ್ಯ, ಪುರಾಣಗಳ ಸಾಕ್ಷ್ಯ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಅಲ್ಲಯ್ಯ, ಮಧುವಯ್ಯರೆಂಬ ಭಕ್ತರ ಕಣ್ಣು ಕೀಳಿಸಿದ ಪ್ರಸಂಗ ಬರುತ್ತದೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ನಡೆದ ವಿವಾಹವೇ ಅದಕ್ಕೆ ಕಾರಣವೆಂಬ ಕಥೆ ಬೆಳೆದು ನಿಂತದ್ದು ಅನಂತರದ ಪುರಾಣಗಳಲ್ಲಿ. ಬಿಜ್ಜಳನ ಸಾವಿನ ಬಗೆಗೂ ಒಂದೇ ಮಾತಿಲ್ಲ: ವೀರಶೈವ ಪುರಾಣಗಳು ಜಗದೇವ ಮತ್ತು ಅವನ ಸಂಗಡಿಗರು ಕೊಂದರೆಂದು ಹೇಳಿದರೆ ಜೈನ ಕಥನ ವಿಷಪ್ರಯೋಗದ ಮಾತಾಡುತ್ತದೆ, ಶಾಸನಗಳಿಂದಾದರೋ 1168ರ ಸುಮಾರಿಗೆ ಅವನ ಮಗ ಸೋವಿದೇವ ಪಟ್ಟಕ್ಕೆ ಬಂದದ್ದು ಮಾತ್ರ ತಿಳಿಯುತ್ತದೆ. ಆಮೇಲೆ ಕಳಚುರಿಗಳೂ ಬಹಳ ಕಾಲ ಉಳಿಯಲಿಲ್ಲ. 1184ರ ಹೊತ್ತಿಗೆ ಚಾಲುಕ್ಯ ನಾಲ್ಕನೆಯ ಸೋಮೇಶ್ವರ ರಾಜ್ಯವನ್ನು ಮರಳಿ ಪಡೆದಿದ್ದ. ಹೀಗಿರುವಾಗ ನಾಟಕದ ಪ್ರತಿಯೊಂದು ಘಟನೆಯೂ ನಡೆದದ್ದೇ ಎಂದು ಉತ್ತರಪತ್ರಿಕೆಯಲ್ಲಿ ಬರೆಯುವುದು ಎಷ್ಟು ತಪ್ಪೋ, ಎಲ್ಲವೂ ಕಟ್ಟುಕಥೆಯೆಂದು ತಳ್ಳಿಹಾಕುವುದೂ ಅಷ್ಟೇ ತಪ್ಪು. ಎಂಟು ಶತಮಾನಗಳ ಕಾಲ ಜನ ಹೇಳಿಕೊಂಡು ಬಂದ ಕಥೆಯೂ ಒಂದು ಬಗೆಯ ಚರಿತ್ರೆಯೇ. ಬಸವಕಲ್ಯಾಣದಲ್ಲಿ ಇಂದಿಗೂ ಹರಳಯ್ಯನ ಹೆಸರಿನ ಗವಿಯನ್ನು ಊರವರು ತೋರಿಸುವುದರಲ್ಲಿ ಆ ಚರಿತ್ರೆ ಉಳಿದಿದೆ.

ಹರಳಯ್ಯನನ್ನು ಕುರಿತ ಜನಪ್ರಿಯ ಐತಿಹ್ಯವೊಂದನ್ನು ಇಲ್ಲಿ ನೆನೆಯಲೇಬೇಕು. ದಾರಿಯಲ್ಲಿ ಎದುರಾದ ಬಸವಣ್ಣನಿಗೆ ಹರಳಯ್ಯ ಶರಣು ಎಂದಾಗ ಬಸವಣ್ಣ ಶರಣು ಶರಣಾರ್ಥಿಯೆಂದು ಎರಡು ಸಲ ಮಾರ್ನುಡಿದನಂತೆ. ತನಗೆ ಬಂದ ಆ ಒಂದು ಹೆಚ್ಚಿನ ನಮಸ್ಕಾರದ ಭಾರವನ್ನು ತಾಳಲಾರದೆ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮವನ್ನೇ ತೆಗೆದು, ಹದಮಾಡಿ, ಬಸವಣ್ಣನ ಪಾದಕ್ಕೆ ಒಂದು ಜೊತೆ ಕೆರವು ಹೊಲಿದರಂತೆ. ಜಾತಿಯನ್ನು ಚರ್ಮವೆನ್ನುವ ಬಿಜ್ಜಳನ ಮಾತನ್ನೂ ಈ ಐತಿಹ್ಯವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಾಟಕದ ನಡುವಿನ ಪ್ರತಿಮೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಬ್ಬನಿಗೆ ಕಳಚಿಕೊಳ್ಳಲಾಗದ ಚರ್ಮವನ್ನು ಇನ್ನೊಬ್ಬ ಕೈಯಾರೆ ಕೊಯ್ದು ಕೊಡುತ್ತಾನೆ.

ಗ್ರೀಕ್ ಪದಗಳಲ್ಲಿ ಹೆಚ್ಚು ದುರ್ಬಳಕೆಯಾಗಿರುವುದು ಹಮಾರ್ತಿಯಾ. ಬಾಣ ಅಥವಾ ಈಟಿ ಗುರಿ ತಪ್ಪುವುದನ್ನು ಹೇಳುವ ಕ್ರಿಯಾಪದದಿಂದ ಬಂದ ಈ ಮಾತಿಗೆ ಅರಿಸ್ಟಾಟಲನಲ್ಲಿ ಇರುವ ಅರ್ಥ ಪ್ರಮಾದ, ಅದರಲ್ಲಿಯೂ ತಿಳಿಯದೆ ಆದ ಪ್ರಮಾದ. ಈಡಿಪಸ್ ತಂದೆಯನ್ನು ಕೊಂದದ್ದು ಆತ ತಂದೆಯೆಂದು ತಿಳಿಯದೆ. ಮುಂದಿನ ಕಾಲದ ವಿಮರ್ಶಕರು ಇದನ್ನು ನಾಯಕನ ಸ್ವಭಾವದೊಳಗಿನ ಕುಂದೆಂದು ಬಗೆದು, ಪ್ರತಿ ನಾಯಕನ ಎದೆಯಲ್ಲಿಯೂ ಒಂದು ಹುಳುಕು ಹುಡುಕುವ ಪರಿಪಾಠವನ್ನು ಬೆಳೆಸಿದರು. ಇದರ ಜೊತೆಗೆ ಬರುವ ಇನ್ನೆರಡು ಪದಗಳು ಪೆರಿಪೆಟಿಯಾ ಮತ್ತು ಅನಗ್ನೊರಿಸಿಸ್. ಮೊದಲನೆಯದು ವಿಪರ್ಯಯ, ಅಂದರೆ ಒಳ್ಳೆಯದಕ್ಕೆಂದು ಮಾಡಿದ ಕೆಲಸವೇ ತಿರುಗಿ ಕೇಡಿನ ಮುಖ ತೋರುವುದು. ಎರಡನೆಯದು ಅರಿವು ಮೂಡುವ ಗಳಿಗೆ, ಕಾಳಿದಾಸನ ಶಾಕುಂತಲದ ಹೆಸರಿನಲ್ಲಿಯೇ ಇರುವ ಅಭಿಜ್ಞಾನವೆಂಬ ಪದ ಇದಕ್ಕೆ ಸಲೀಸಾಗಿ ಹೊಂದುತ್ತದೆ. ಗ್ರೀಕ್ ಮಾದರಿಯಲ್ಲಿ ಪ್ರಮಾದ ಮೊದಲು, ಅರಿವು ಆಮೇಲೆ. ಅರಿವು ಬರುವಷ್ಟರಲ್ಲಿ ಕೈಮೀರಿ ಹೋಗಿರುತ್ತದೆ.

'ತಲೆದಂಡ'ದಲ್ಲಿ ಈ ಕ್ರಮವೇ ತಲೆಕೆಳಗಾಗಿದೆ. ಹರಳಯ್ಯ ಮತ್ತು ಮಧುವರಸರ ಮನೆಗಳ ಸಂಬಂಧದ ಸುದ್ದಿ ಬಂದಾಗ ಬಸವಣ್ಣ ಹಿಗ್ಗುವುದಿಲ್ಲ. ಇಂಥ ಕ್ರಾಂತಿಗೆ ಶರಣರು ಇನ್ನೂ ಸಿದ್ಧರಾಗಿಲ್ಲ, ಅದಕ್ಕೆ ಬೇಕಾದಷ್ಟು ದಿನ, ಬೇಕಾದಷ್ಟು ಗಟ್ಟಿಯಾಗಿ ದುಡಿದಿಲ್ಲ ಎಂಬ ಅರ್ಥದ ಮಾತನ್ನು ಅವನು ಆಡುತ್ತಾನೆ. ಶತಮಾನಗಳ ವಿಷ ಹೊರಗೆ ಬರುವುದನ್ನು ಮುಂದಾಗಿಯೇ ಕಾಣುತ್ತಾನೆ. ಹಾಗಿದ್ದೂ ಮದುವೆಗೆ ಅಡ್ಡ ನಿಲ್ಲುವುದಿಲ್ಲ, ಏಕೆಂದರೆ ಅಡ್ಡ ನಿಂತರೆ ಅಲ್ಲಿಯವರೆಗೆ ಆಡಿದ ಮಾತೆಲ್ಲ ಸುಳ್ಳಾಗುತ್ತದೆ. ಇಲ್ಲಿ ಅರಿವು ಕೃತ್ಯಕ್ಕಿಂತ ಮೊದಲೇ ಬಂದಿದೆ. ಬಾಣ ಗುರಿ ತಪ್ಪಿಲ್ಲ, ಗುರಿಗೇ ತಾಗಿದೆ, ತಾಗಿದ್ದರಿಂದಲೇ ಕಲ್ಯಾಣ ಹೊತ್ತಿಕೊಂಡಿದೆ. ಇದನ್ನು ದೋಷವೆಂದು ಕರೆದ ಗಳಿಗೆಯಲ್ಲಿ ಓದುಗ ತನಗರಿವಿಲ್ಲದೆ ಆ ಮದುವೆ ಆಗಬಾರದಿತ್ತೆಂದು ತೀರ್ಪು ಕೊಟ್ಟ ಹಾಗಾಗುತ್ತದೆ. ಪರೀಕ್ಷೆಯ ಒಂದು ಉತ್ತರದಲ್ಲಿ ಇಷ್ಟು ದೊಡ್ಡ ತೀರ್ಪು ಅಡಗಿರುತ್ತದೆಂಬುದನ್ನು ಪ್ರಶ್ನೆಪತ್ರಿಕೆ ತಯಾರಿಸುವವರೂ ಗಮನಿಸಬೇಕು.

ಆದ್ದರಿಂದ ಈ ನಾಟಕಕ್ಕೆ ಹಮಾರ್ತಿಯಾಕ್ಕಿಂತ ಮೊದಲು ತಿಳಿಯಬೇಕಾದ ಪದ ಬೇರೊಂದಿದೆ. ಅದು ಪ್ರತಿಲೋಮ. ಮೇಲಿನ ವರ್ಣದ ಗಂಡು ಕೆಳಗಿನ ವರ್ಣದ ಹೆಣ್ಣನ್ನು ಮದುವೆಯಾದರೆ ಧರ್ಮಶಾಸ್ತ್ರ ಅದನ್ನು ಅನುಲೋಮ, ಅಂದರೆ ಕೂದಲು ಬೆಳೆದ ದಿಕ್ಕಿಗೆ ಸರಿಯಾದದ್ದೆಂದು ಸಹಿಸಿಕೊಂಡಿತು. ಕೆಳಗಿನ ವರ್ಣದ ಗಂಡು ಮೇಲಿನ ವರ್ಣದ ಹೆಣ್ಣಿನ ಕೈಹಿಡಿಯುವುದನ್ನು ಪ್ರತಿಲೋಮ, ಅಂದರೆ ಎದುರುಗೂದಲೆಂದು ಖಂಡಿಸಿತು. ಯಾಜ್ಞವಲ್ಕ್ಯ ಸ್ಮೃತಿ ಸ್ತ್ರೀಸಂಗ್ರಹಣದ ಪ್ರಕರಣದಲ್ಲಿ ಪ್ರತಿಲೋಮ ಸಂಬಂಧದ ಗಂಡಿಗೆ ವಧೆಯನ್ನೂ ಹೆಣ್ಣಿಗೆ ಅಂಗಚ್ಛೇದವನ್ನೂ ವಿಧಿಸುತ್ತದೆ. ಆ ಸ್ಮೃತಿಯ ಮೇಲಿನ ಅತ್ಯಂತ ಪ್ರಸಿದ್ಧ ವ್ಯಾಖ್ಯಾನವಾದ, ಮುಂದೆ ಭಾರತದ ಬಹುಭಾಗದ ಹಿಂದೂ ಉತ್ತರಾಧಿಕಾರ ಕಾನೂನಿಗೆ ತಳಹದಿಯಾದ ಮಿತಾಕ್ಷರವನ್ನು ವಿಜ್ಞಾನೇಶ್ವರ ಬರೆದದ್ದು ವಿಕ್ರಮಾದಿತ್ಯನ ಕಲ್ಯಾಣದಲ್ಲಿ; ಆತನ ಊರು ಕಲಬುರಗಿ ಜಿಲ್ಲೆಯ ಮರತೂರೆಂದು ಪರಂಪರೆ ಹೇಳುತ್ತದೆ. ಹರಳಯ್ಯನ ಮನೆಯ ಮದುವೆಗೆ ಕೆಲವೇ ದಶಕಗಳ ಹಿಂದೆ, ಅದೇ ನಗರದಲ್ಲಿ, ಅಂಥ ಮದುವೆಯನ್ನು ಹೆಸರಿಟ್ಟು ನಿಷೇಧಿಸುವ ಶಾಸ್ತ್ರಕ್ಕೆ ಜಗತ್ತು ಮೆಚ್ಚುವ ವ್ಯಾಖ್ಯಾನ ಸಿದ್ಧವಾಗಿತ್ತು. ಸಂಪ್ರದಾಯಸ್ಥರ ಪರವಾಗಿ ವಾದಿಸುವ ದಾಮೋದರ ಭಟ್ಟ ಮತ್ತು ಮಂಚಣ್ಣ ಕ್ರಮಿತರನ್ನು ಬರಿಯ ಖಳರಂತೆ ಅಭಿನಯಿಸುವ ತಂಡಗಳು ಈ ಸಂಗತಿಯನ್ನು ಕೈಬಿಡುತ್ತವೆ. ಅವರ ಬೆನ್ನಿಗೆ ಇದ್ದದ್ದು ವೈಯಕ್ತಿಕ ಹಗೆಯಷ್ಟೇ ಅಲ್ಲ, ಬರೆದಿಟ್ಟ ವ್ಯವಸ್ಥೆ. ಅವರು ಕೇಳುವುದು ಸೇಡನ್ನಲ್ಲ, ದಂಡವನ್ನು.

ನಾಟಕದ ಹೆಸರಿನ ಅರ್ಥ ತೆರೆದುಕೊಳ್ಳುವುದೂ ಇಲ್ಲಿಯೇ. ದಂಡವೆಂದರೆ ಅರಸನ ಕೋಲು, ಶಿಕ್ಷೆ, ತೆರಬೇಕಾದ ಜುಲ್ಮಾನೆ. ಶಾಸ್ತ್ರದ ಪ್ರಕಾರ ತಲೆದಂಡವೆಂದರೆ ತಲೆಯನ್ನು ತೆಗೆಯುವ ಶಿಕ್ಷೆ. ಶರಣರ ಮಾತಿನಲ್ಲಿ ಅದೇ ಪದ ತದ್ವಿರುದ್ಧ ದಿಕ್ಕಿನಿಂದ ಬರುತ್ತದೆ: ಆಡಿದ ಮಾತಿಗೆ ತಪ್ಪಿದರೆ ತಲೆಯನ್ನೇ ತೆರುತ್ತೇನೆಂದು ಭಕ್ತ ತಾನಾಗಿ ಕಟ್ಟಿಕೊಳ್ಳುವ ಪಣ ಅದು. ಕಸಿದುಕೊಳ್ಳುವ ತಲೆ, ಒಪ್ಪಿಸುವ ತಲೆ, ಎರಡೂ ಒಂದೇ ಪದದಲ್ಲಿ ಎದುರುಬದುರಾಗಿ ನಿಂತಿವೆ. ಇಂದಿನ ಪತ್ರಿಕೆಗಳಲ್ಲಿ ಮಂತ್ರಿಯೋ ಅಧಿಕಾರಿಯೋ ಹುದ್ದೆ ಕಳೆದುಕೊಂಡಾಗ ತಲೆದಂಡವೆಂಬ ತಲೆಬರಹ ಬರುತ್ತದೆ; ಹೀಗೆ ಸವೆದುಹೋದ ಪದಕ್ಕೆ ಅದರ ಹಳೆಯ ತೂಕವನ್ನು ಮರಳಿ ಕೊಡದೆ ನಾಟಕದ ಮೊದಲ ಪುಟವನ್ನು ತೆರೆಯಬಾರದು.

ಜರ್ಮನಿಯ ತತ್ತ್ವಜ್ಞಾನಿ ಹೆಗೆಲ್ ಟ್ರಾಜಿಡಿಯನ್ನು ಎರಡು ನ್ಯಾಯಗಳ ಘರ್ಷಣೆಯೆಂದು ವಿವರಿಸಿ ಅದಕ್ಕೆ ಸೊಫೊಕ್ಲಿಸನ ಆಂಟಿಗನಿಯನ್ನು ನಿದರ್ಶನವಾಗಿ ಕೊಟ್ಟದ್ದು ಕೆಲವು ವಿದ್ಯಾರ್ಥಿಗಳಿಗೆ ತಿಳಿದಿರಬಹುದು. ಶಾಸ್ತ್ರದ ನ್ಯಾಯ ಒಂದು ಕಡೆ, ಶರಣರ ನ್ಯಾಯ ಇನ್ನೊಂದು ಕಡೆಯೆಂದು ಅದನ್ನು ಇಲ್ಲಿಗೆ ಹಚ್ಚುವ ಆಸೆ ಹುಟ್ಟುವುದು ಸಹಜವಾದರೂ ಆ ತಕ್ಕಡಿ ಇಲ್ಲಿ ಸಮವಾಗಿ ನಿಲ್ಲುವುದಿಲ್ಲ, ಏಕೆಂದರೆ ಒಂದು ತಟ್ಟೆಯಲ್ಲಿ ಹುಟ್ಟಿನಿಂದ ಮನುಷ್ಯನನ್ನು ಅಳೆಯುವ ಕಟ್ಟಳೆ ಇದೆ, ಇನ್ನೊಂದರಲ್ಲಿ ಇಬ್ಬರು ಎಳೆಯರ ಮದುವೆ ಇದೆ. ನಿಜವಾದ ಘರ್ಷಣೆ ನಡೆದಿರುವುದು ಶರಣರ ಒಳಗೆ, ಆಡಿದ ಮಾತಿಗೂ ಜನರ ಪ್ರಾಣಕ್ಕೂ ನಡುವೆ.

ವಿಪರ್ಯಯವಂತೂ ನಾಟಕದ ಆರಂಭದಲ್ಲಿಯೇ ಬೀಜರೂಪದಲ್ಲಿದೆ. ಬಸವಣ್ಣ ಅರಸನ ಭಂಡಾರದ ಹಣವನ್ನು ದಾಸೋಹಕ್ಕೆ ಸುರಿದನೆಂಬ ದೂರು, ತೆರೆದು ನೋಡಿದಾಗ ಲೆಕ್ಕ ಸರಿಯಾಗಿದ್ದ ಪವಾಡ, ಇವು ಪುರಾಣಗಳಲ್ಲಿ ಪ್ರಸಿದ್ಧವಾದವು. ಕಾರ್ನಾಡರು ಇವನ್ನು ರಂಗದ ಮೇಲೆ ಬೇರೆಯಾಗಿಯೇ ಹೂಡಿದ್ದಾರೆ: ತಂದೆ ಬಿಜ್ಜಳ ಊರಲ್ಲಿ ಇಲ್ಲದಾಗ ಸೋವಿದೇವ ಭಂಡಾರ ತಪಾಸಣೆಗೆ ಹೋಗುತ್ತಾನೆ, ಅತ್ತ ಸಾಂಬಶಿವ ಶಾಸ್ತ್ರಿ ಸಾವಿನ ಹಾಸಿಗೆಯಲ್ಲಿ ಮಗನನ್ನು ಕರೆಯುತ್ತಿರುವಾಗ ಇತ್ತ ಆ ಮಗ, ಬ್ರಾಹ್ಮಣ ಯುವಕ ಜಗದೇವ ಶರಣರ ಗುಂಪು ಕಟ್ಟಿಕೊಂಡು ಭಂಡಾರದ ಸುತ್ತ ಕಾವಲು ನಿಂತಿರುತ್ತಾನೆ. ಲೆಕ್ಕ ಸರಿಹೋದೊಡನೆ ಊರೆಲ್ಲ ಪವಾಡದ ಮಾತೇ ಮಾತು. ಬಸವಣ್ಣ ಅದನ್ನು ಒಪ್ಪದಿದ್ದರೂ, ನಿಂತು ಕಾದ ಯುವಕನ ಬೆವರು ಆ ಪವಾಡದಲ್ಲಿ ಕರಗಿಹೋಗುತ್ತದೆ. ಅಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಈ ಜಗದೇವನೇ ಕೊನೆಗೆ, ಹರಳಯ್ಯ ಮಧುವರಸರ ಕ್ರೂರ ವಧೆಯ ನಂತರ, ಶಿವನ ಗುಡಿಯಲ್ಲಿ ಬಿಜ್ಜಳನನ್ನು ಇರಿಯುತ್ತಾನೆ. ಅಹಿಂಸೆಯನ್ನು ಕಲಿತವರ ಕೈಯಿಂದ, ಅವರನ್ನು ಅಷ್ಟು ದಿನ ಕಾಯ್ದ ಅರಸ ಸತ್ತು, ಕಾಯುವವರಿಲ್ಲದ ಶರಣರ ಮೇಲೆ ಸೋವಿದೇವನ ಸೈನ್ಯ ಬೀಳುತ್ತದೆ. ನಾಟಕದಲ್ಲಿ ಯಾರಾದರೂ ಗುರಿ ತಪ್ಪಿದ್ದರೆ ಅದು ಜಗದೇವ. ಹಮಾರ್ತಿಯಾವೆಂಬ ಪದವನ್ನು ಬಳಸಲೇಬೇಕಾದಲ್ಲಿ ಅದನ್ನು ಬಸವಣ್ಣನಿಂದ ತೆಗೆದು ಈ ಹುಡುಗನ ಹೆಸರಿಗೆ ಬರೆಯುವುದು ಮೇಲು.

ಕಥಾರ್ಸಿಸ್ ಎಂಬ ಪದ ವೈದ್ಯದಿಂದ ಬಂದದ್ದು, ಕನ್ನಡದಲ್ಲಿ ವಿರೇಚನವೆಂದೂ ಭಾವಶೋಧನವೆಂದೂ ಕರೆಸಿಕೊಂಡಿದೆ. ಕರುಣೆ ಮತ್ತು ಭೀತಿಗಳನ್ನು ಉಕ್ಕಿಸಿ, ಉಕ್ಕಿಸಿದ್ದರ ಮೂಲಕವೇ ಮನಸ್ಸನ್ನು ತಿಳಿಗೊಳಿಸುವ ಕ್ರಿಯೆ ಅದು. ಇದಕ್ಕೆ ಕಲಬುರಗಿ ಸೀಮೆಯವರು ಅಥೆನ್ಸಿನ ಬಯಲು ರಂಗಮಂದಿರವನ್ನು ಊಹಿಸಿಕೊಳ್ಳಬೇಕಾಗಿಲ್ಲ. ಮೊಹರಂ ಹೊತ್ತಿಗೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುವ ರಿವಾಯತ್ ಪದಗಳಲ್ಲಿ ಕರ್ಬಲಾದ ಶೋಕವನ್ನು ಎಲ್ಲ ಜಾತಿಮತದವರೂ ಕನ್ನಡದಲ್ಲಿಯೇ ಕೇಳಿ ಕಣ್ಣು ಒರೆಸಿಕೊಳ್ಳುತ್ತಾರೆ. ಕರ್ಬಲಾದ ಕಥನದಲ್ಲಿ ಮದುವೆಯ ಬೆನ್ನಿಗೇ ಯುದ್ಧಕ್ಕೆ ಹೋಗಿ ಮಡಿಯುವ ಕಾಸಿಮನೆಂಬ ಮದುಮಗ ಬರುತ್ತಾನೆ. ಚಪ್ಪರದ ಹಸಿರು ಒಣಗುವ ಮೊದಲೇ ರಕ್ತ ಕಂಡ ಮದುವೆ ಅದೂ, ಕಲ್ಯಾಣದ ಇದೂ. ಮೇಳ ಒಕ್ಕೊರಲಿನಲ್ಲಿ ಸೊಲ್ಲು ಎತ್ತಿಕೊಂಡಾಗ ನೆರೆದವರ ಎದೆಯಲ್ಲಿ ಆಗುವುದೇನೆಂದು ಬಲ್ಲ ವಿದ್ಯಾರ್ಥಿಗೆ ಗ್ರೀಕ್ ಕೋರಸ್ಸನ್ನೂ ಕಥಾರ್ಸಿಸನ್ನೂ ಬೇರೆಯಾಗಿ ವಿವರಿಸಬೇಕಾದ್ದು ಬಹಳ ಉಳಿಯುವುದಿಲ್ಲ.

ನಾಟಕ ಹುಟ್ಟಿದ ಕಾಲವೂ ಹಿನ್ನೆಲೆಯ ಭಾಗವೇ. ಕಲ್ಯಾಣದ ವಸ್ತುವನ್ನು ಲಂಕೇಶರು 'ಸಂಕ್ರಾಂತಿ'ಯಲ್ಲಿ (1971), ಎಚ್.ಎಸ್. ಶಿವಪ್ರಕಾಶರು 'ಮಹಾಚೈತ್ರ'ದಲ್ಲಿ (1986) ಆಗಲೇ ಮುಟ್ಟಿದ್ದರು. ಕಾರ್ನಾಡರು 'ತಲೆದಂಡ' ಬರೆದದ್ದು 1989ರಲ್ಲಿ, ಅಯೋಧ್ಯೆಯ ಶಿಲಾನ್ಯಾಸದ ವರ್ಷ. ಅದು ಪ್ರಕಟವಾದ 1990ರ ಆಗಸ್ಟಿನಲ್ಲಿ ಮಂಡಲ್ ವರದಿಯ ಜಾರಿಯ ಘೋಷಣೆಯಾಯಿತು. ಮಂದಿರ ಮತ್ತು ಮಂಡಲ್ ಚಳವಳಿಗಳು ಶರಣರ ಪ್ರಶ್ನೆಗಳನ್ನು ಮತ್ತೆ ಎದುರಿಗೆ ತಂದು ನಿಲ್ಲಿಸಿದವೆಂದು ಸ್ವತಃ ನಾಟಕಕಾರರೇ ಹೇಳಿಕೊಂಡಿದ್ದಾರೆ. 1994ರಲ್ಲಿ ಈ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.

ಕಮಲಾಪುರದಲ್ಲಾಗಲಿ ಕಲಬುರಗಿಯಲ್ಲಾಗಲಿ ಈ ನಾಟಕವನ್ನು ಕೈಗೆತ್ತಿಕೊಳ್ಳುವ ತಂಡಕ್ಕೆ ಒಂದು ಸೂಚನೆ ಉಳಿದಿದೆ. ಸಾಮಾನ್ಯವಾಗಿ ತಾಲೀಮಿನ ಹೆಚ್ಚಿನ ಸಮಯ ಗುಡಿಯೊಳಗಿನ ಕೊಲೆಗೆ ಮತ್ತು ಕಡೆಯ ಹತ್ಯಾಕಾಂಡದ ಗದ್ದಲಕ್ಕೆ ಹೋಗುತ್ತದೆ. ಅದರ ಬದಲು ಮದುವೆಯ ಮಾತುಕತೆಯ ದೃಶ್ಯಕ್ಕೆ ನಾಲ್ಕು ಸಂಜೆ ಹೆಚ್ಚು ಕೊಡಬೇಕು. ಇನ್ನೂ ಸಾಕಷ್ಟು ದುಡಿದಿಲ್ಲವೆಂದು ಹೇಳಿದ ಬಸವಣ್ಣನ ಪಾತ್ರಧಾರಿ ಆ ಮಾತಿಗೂ ಒಪ್ಪಿಗೆಗೂ ನಡುವೆ ಎಷ್ಟು ಹೊತ್ತು ಸುಮ್ಮನೆ ನಿಲ್ಲಬೇಕು, ಆ ಹೊತ್ತಿನಲ್ಲಿ ಅವನ ಕಣ್ಣು ಹರಳಯ್ಯನ ಮೇಲಿರಬೇಕೋ ಮದುಮಗನ ಮೇಲಿರಬೇಕೋ ಎಂಬುದನ್ನು ನಿರ್ದೇಶಕರೂ ಕಲಾವಿದರೂ ಕೂತು ನಿರ್ಧರಿಸಿದ ನಂತರವೇ ಉಳಿದ ದೃಶ್ಯಗಳಿಗೆ ಕೈಹಾಕುವುದು ಒಳ್ಳೆಯದು.

ಇತಿ,
ಕನ್ನಡ ರಂಗಭೂಮಿಯ ಒಬ್ಬ ಓದುಗ